ಪಾಸ್‌ವರ್ಡ್ ಇಲ್ಲದ ದೂರಲಾಗಿನ್ ಮತ್ತು ಸ್ವಯಂಚಾಲಿತ ಬ್ಯಾಕಪ್

ಜಾಲದಲ್ಲಿರುವ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಲಾಗಿನ್ ಆಗುವಾಗ ಯಾರೂ ಪಾಸ್‌ವರ್ಡ್ ಟೈಪ್ ಮಾಡದೆ, ಗೂಢಲಿಪಿ ಕೀಲಿಗಳ ಒಂದು ಜೋಡಿಯಿಂದಲೇ ಗುರುತು ಸಾಬೀತುಪಡಿಸುವ ಏರ್ಪಾಡಿಗೆ ಪಾಸ್‌ವರ್ಡ್ ಇಲ್ಲದ ದೂರಲಾಗಿನ್ ಎಂದು ಹೆಸರು. ಯೂನಿಕ್ಸ್ ಮತ್ತು ಲಿನಕ್ಸ್ ಸರ್ವರ್‌ಗಳಲ್ಲಿ ಇದು ಸೆಕ್ಯೂರ್ ಶೆಲ್ ಅಥವಾ ಎಸ್‌ಎಸ್‌ಎಚ್ ಎಂಬ ಪ್ರೋಟೋಕಾಲಿನ ಮೂಲಕ ನಡೆಯುತ್ತದೆ. ರಾತ್ರಿ ಎರಡೂವರೆಗೆ ಕಚೇರಿಯ ಸರ್ವರಿನ ಫೈಲುಗಳನ್ನು ಬೇರೊಂದು ಊರಿನ ಯಂತ್ರಕ್ಕೆ ನಕಲಿಸುವ ಕೆಲಸ ಪಾಸ್‌ವರ್ಡ್ ಕೇಳಿ ನಿಂತರೆ, ಉತ್ತರಿಸಲು ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ. ಬ್ಯಾಕಪ್ ದಿನವೂ ತಪ್ಪದೆ ಆಗಬೇಕಾದರೆ ಅದು ಮನುಷ್ಯರ ನೆನಪನ್ನು ನಂಬಿಕೊಂಡಿರಬಾರದು. ಆದ್ದರಿಂದ ಲಾಗಿನ್ ಆಗುವ ಕೆಲಸವನ್ನೂ ಯಂತ್ರಕ್ಕೇ ವಹಿಸಬೇಕಾಗುತ್ತದೆ. ಕೀಲಿ ತಯಾರಿಸಿ ಅದರ ಜಾಗದಲ್ಲಿ ಇಡುವುದು ಐದು ನಿಮಿಷದ ಕೆಲಸ. ಆ ಕೀಲಿ ಕಳ್ಳರ ಕೈಗೆ ಸಿಕ್ಕರೂ ಬ್ಯಾಕಪ್ ಬಿಟ್ಟು ಬೇರೇನೂ ಸಾಧ್ಯವಾಗದಂತೆ ಅದರ ಅಧಿಕಾರವನ್ನು ಮೊಟಕುಗೊಳಿಸುವುದರಲ್ಲಿ ನಿಜವಾದ ಶ್ರಮವಿದೆ. ಬಹಳಷ್ಟು ಕಡೆ ಬಿಟ್ಟುಹೋಗುವುದೂ ಅದೇ.

ಕೀಲಿಯ ಗೊಡವೆ ಬೇಡವೆಂದು ಸ್ಕ್ರಿಪ್ಟಿನಲ್ಲೇ ಪಾಸ್‌ವರ್ಡ್ ಬರೆದಿಡುವ ರೂಢಿ ಇನ್ನೂ ಇದೆ. ಎಕ್ಸ್‌ಪೆಕ್ಟ್ ಅಥವಾ ಎಸ್‌ಎಸ್‌ಎಚ್‌ಪಾಸ್ ಎಂಬ ಉಪಕರಣಗಳು ಆ ಪಾಸ್‌ವರ್ಡನ್ನು ಮನುಷ್ಯರೇ ಟೈಪ್ ಮಾಡಿದಂತೆ ಒದಗಿಸುತ್ತವೆ. ಇದರ ಅಪಾಯ ಹಲವು ಬಗೆಯದು. ಕಮಾಂಡಿನ ಸಾಲಿನಲ್ಲೇ ಪಾಸ್‌ವರ್ಡ್ ಕೊಟ್ಟರೆ ಅದೇ ಯಂತ್ರದ ಇತರ ಬಳಕೆದಾರರಿಗೆ ಪ್ರೋಸೆಸ್ ಪಟ್ಟಿಯಲ್ಲಿ ಅದು ಕಾಣುವ ಸಂಭವವಿದೆ. ಸ್ಕ್ರಿಪ್ಟನ್ನು ಬೇರೊಬ್ಬರಿಗೆ ಕಳಿಸಿದರೆ ಗುಟ್ಟೂ ಜೊತೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾಸ್‌ವರ್ಡಿಗೆ ಮಿತಿ ಹಾಕಲು ಬರುವುದಿಲ್ಲ: ಅದು ಖಾತೆಯ ಪೂರ್ತಿ ಅಧಿಕಾರವನ್ನು ಕೊಡುತ್ತದೆ. ಕೀಲಿಯಾದರೆ ಒಂದೊಂದಕ್ಕೂ ಬೇರೆ ಬೇರೆ ಷರತ್ತು ವಿಧಿಸಬಹುದು.

ಹಿನ್ನೆಲೆ

ಪಾಸ್‌ವರ್ಡ್ ಇಲ್ಲದೆ ದೂರದ ಯಂತ್ರಕ್ಕೆ ಹೋಗುವ ಅನುಕೂಲ ಎಸ್‌ಎಸ್‌ಎಚ್‌ಗಿಂತ ಹಳೆಯದು. 1983ರ 4.2ಬಿಎಸ್‌ಡಿ ಯೂನಿಕ್ಸ್‌ನಲ್ಲಿದ್ದ ಆರ್‌ಲಾಗಿನ್ ಮತ್ತು ಆರ್‌ಎಸ್‌ಎಚ್ ಕಮಾಂಡುಗಳು ಆರ್‌ಹೋಸ್ಟ್ಸ್ ಎಂಬ ಫೈಲಿನಲ್ಲಿ ಹೆಸರಿದ್ದ ಯಂತ್ರಗಳನ್ನು ಪ್ರಶ್ನಿಸದೆ ಒಳಗೆ ಬಿಡುತ್ತಿದ್ದವು. ಬಂದ ಯಂತ್ರದ ವಿಳಾಸವೇ ಅದರ ಗುರುತಾಗಿತ್ತು. ವಿಳಾಸ ನಕಲಿಯಾಗಿದ್ದರೆ ಪತ್ತೆಹಚ್ಚುವ ದಾರಿ ಇರಲಿಲ್ಲ. 1988ರ ನವೆಂಬರಿನಲ್ಲಿ ಹರಡಿದ ಮಾರಿಸ್ ವರ್ಮ್ ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಲು ಬಳಸಿಕೊಂಡ ದಾರಿಗಳಲ್ಲಿ ಯಂತ್ರಗಳ ನಡುವಿನ ಈ ಕುರುಡು ನಂಬಿಕೆಯೂ ಒಂದು.

1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳನ್ನು ಕದ್ದು ಕೇಳುವ ತಂತ್ರಾಂಶವೊಂದು ಪತ್ತೆಯಾಯಿತು. ಅಲ್ಲಿನ ಸಂಶೋಧಕ ತಾತು ಯುಲೊನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯನ್ನು ಬರೆದು ಅದೇ ವರ್ಷದ ಜುಲೈಯಲ್ಲಿ ಬಿಡುಗಡೆ ಮಾಡಿದರು. ಎಫ್‌ಟಿಪಿಯ 21 ಮತ್ತು ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22ನೆಯ ಪೋರ್ಟ್ ಅದಕ್ಕೆ ಸಿಕ್ಕಿತು. ಆ ಎರಡು ಹಳೆಯ ಸೇವೆಗಳ ಜಾಗವನ್ನೇ ಅದು ಮುಂದೆ ಬಹುಮಟ್ಟಿಗೆ ಆಕ್ರಮಿಸಿಕೊಂಡಿತು. 1999ರ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ 2.6ರ ಜೊತೆ ಬಂದ ಓಪನ್‌ಎಸ್‌ಎಸ್‌ಎಚ್ ಇಂದು ಬಹುತೇಕ ಲಿನಕ್ಸ್ ಯಂತ್ರಗಳಲ್ಲಿರುವ ಆವೃತ್ತಿ. ಪ್ರೋಟೋಕಾಲಿನ ಎರಡನೆಯ ರೂಪ 2006ರ ಜನವರಿಯಲ್ಲಿ ಆರ್‌ಎಫ್‌ಸಿ 4250ರಿಂದ 4254ರವರೆಗಿನ ದಾಖಲೆಗಳಲ್ಲಿ ಮಾನಕವಾಯಿತು.

ಬ್ಯಾಕಪ್ಪಿನ ಕಡೆಯ ಮುಖ್ಯ ಉಪಕರಣ ಆರ್‌ಸಿಂಕ್. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಇದನ್ನು 1996ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ರೂಪಿಸಿದರು. ಎರಡೂ ತುದಿಗಳಲ್ಲಿ ಫೈಲಿನ ತುಣುಕುಗಳ ಚೆಕ್‌ಸಮ್ ಹೋಲಿಸಿ, ಬದಲಾದ ತುಣುಕುಗಳನ್ನಷ್ಟೇ ಜಾಲದಲ್ಲಿ ಕಳಿಸುವುದು ಅದರ ಹೆಚ್ಚುಗಾರಿಕೆ. 2004ರ 2.6.0 ಆವೃತ್ತಿಯಿಂದ ಆರ್‌ಸಿಂಕ್ ತಾನಾಗಿಯೇ ಎಸ್‌ಎಸ್‌ಎಚ್ ಮೂಲಕ ಸಾಗತೊಡಗಿತು. ಆಮೇಲೆ ಕೀಲಿಯ ಲಾಗಿನ್ ಮತ್ತು ರಾತ್ರಿಯ ಬ್ಯಾಕಪ್ ಬಿಡಿಸಲಾಗದ ಜೋಡಿಯಾದವು.

ಕೀಲಿ ಗುರುತು ಹಿಡಿಯುವ ಬಗೆ

ಕೀಲಿಗಳು ಜೋಡಿಯಾಗಿ ಹುಟ್ಟುತ್ತವೆ. ಖಾಸಗಿ ಕೀಲಿ ಲಾಗಿನ್ ಆಗುವ ಯಂತ್ರದಲ್ಲೇ ಉಳಿಯುತ್ತದೆ. ಸಾರ್ವಜನಿಕ ಕೀಲಿಯನ್ನು ಒಳಬಿಡುವ ಯಂತ್ರದಲ್ಲಿ ಇಡಲಾಗುತ್ತದೆ. ಸಂಪರ್ಕ ಶುರುವಾದಾಗ ಎರಡೂ ಯಂತ್ರಗಳು ಮೊದಲು ಡಿಫಿ-ಹೆಲ್ಮನ್ ಬಗೆಯ ವಿನಿಮಯದಿಂದ ಆ ಹೊತ್ತಿಗಷ್ಟೇ ಬಳಕೆಯಾಗುವ ಗುಟ್ಟೊಂದನ್ನು ಒಪ್ಪಿಕೊಳ್ಳುತ್ತವೆ ಮತ್ತು ಆ ವಿನಿಮಯದಿಂದ ಒಂದು ಸೆಷನ್ ಗುರುತು ಹುಟ್ಟುತ್ತದೆ. ಬಳಿಕ ಲಾಗಿನ್ ಬಯಸುವ ಯಂತ್ರ ತನ್ನ ಸಾರ್ವಜನಿಕ ಕೀಲಿ ಯಾವುದೆಂದು ಹೇಳಿ, ಸೆಷನ್ ಗುರುತನ್ನು ಒಳಗೊಂಡ ಸಂದೇಶಕ್ಕೆ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ ಕಳಿಸುತ್ತದೆ. ಸರ್ವರ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಸಹಿಯನ್ನು ಪರೀಕ್ಷಿಸುತ್ತದೆ. ಖಾಸಗಿ ಕೀಲಿ ಒಮ್ಮೆಯೂ ಜಾಲಕ್ಕೆ ಇಳಿಯುವುದಿಲ್ಲ. ಸೆಷನ್ ಗುರುತು ಪ್ರತಿ ಬಾರಿ ಬೇರೆಯಾಗಿರುವುದರಿಂದ ಇವತ್ತು ಕದ್ದ ಸಹಿ ನಾಳೆಗೆ ಉಪಯೋಗಕ್ಕೆ ಬರುವುದಿಲ್ಲ.

ಜೋಡಿಯನ್ನು ತಯಾರಿಸುವ ಕಮಾಂಡ್ ಎಸ್‌ಎಸ್‌ಎಚ್-ಕೀಜೆನ್. ಇಂದು ಹೆಚ್ಚಾಗಿ ಆರಿಸುವ ಬಗೆ ಇಡಿ25519. ಡೇನಿಯಲ್ ಬರ್ನ್‌ಸ್ಟೈನ್ ಮತ್ತು ಸಹವರ್ತಿಗಳು 2011ರಲ್ಲಿ ಪ್ರಕಟಿಸಿದ ಈ ಸಹಿ ಪದ್ಧತಿ 2014ರ ಓಪನ್‌ಎಸ್‌ಎಸ್‌ಎಚ್ 6.5ರಲ್ಲಿ ಸೇರಿತು; 2023ರ 9.5ನೆಯ ಆವೃತ್ತಿಯಿಂದ ಬೇರೇನೂ ಹೇಳದಿದ್ದರೆ ತಯಾರಾಗುವುದು ಇದೇ. ಇದರ ಸಾರ್ವಜನಿಕ ಕೀಲಿ 32 ಬೈಟ್ ಮಾತ್ರ, ಒಂದೇ ಸಾಲಿನಲ್ಲಿ ಆರಾಮವಾಗಿ ಹಿಡಿಸುತ್ತದೆ. ಹಳೆಯ ಸಾಧನಗಳಿಗಾಗಿ ಆರ್‌ಎಸ್‌ಎ ಬೇಕಾದರೆ 3072 ಬಿಟ್‌ಗಿಂತ ಕಡಿಮೆಯದನ್ನು ಆರಿಸಬಾರದು. ಡಿಎಸ್‌ಎ ಕೀಲಿಗಳ ಕಾಲ ಮುಗಿದಿದೆ.

ಕೀಲಿಯ ಬಲ ಅದನ್ನು ಹುಟ್ಟಿಸಿದ ಯಾದೃಚ್ಛಿಕತೆಯಷ್ಟೇ. ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ 2006ರಲ್ಲಿ ಮಾಡಿದ ಸಣ್ಣ ಬದಲಾವಣೆಯೊಂದರಿಂದ ಯಾದೃಚ್ಛಿಕ ಸಂಖ್ಯೆಗೆ ಪ್ರೋಸೆಸ್ಸಿನ ಕ್ರಮಸಂಖ್ಯೆಯೊಂದೇ ಆಧಾರವಾಗಿ ಉಳಿಯಿತು. ಹಾಗಾಗಿ ಒಂದು ಬಗೆಯ, ಒಂದು ಅಳತೆಯ ಕೀಲಿಗಳು ಇರಬಹುದಾದದ್ದು ಸುಮಾರು 32 ಸಾವಿರ ಮಾತ್ರ. ಅಷ್ಟನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಪ್ರಯೋಗಿಸಬಹುದಿತ್ತು. 2008ರ ಮೇ ತಿಂಗಳಲ್ಲಿ ಇದು ಬಯಲಾದಾಗ ಜಗತ್ತಿನಾದ್ಯಂತ ಆಡಳಿತಗಾರರು ಕೀಲಿಗಳನ್ನು ಹುಡುಕಿ ಕಿತ್ತುಹಾಕಬೇಕಾಯಿತು. ತಮ್ಮ ಯಂತ್ರಗಳಲ್ಲಿ ಯಾರ ಯಾರ ಕೀಲಿಗಳಿವೆ ಎಂಬ ಪಟ್ಟಿ ಇಟ್ಟುಕೊಂಡಿದ್ದವರಿಗೆ ಆ ಕೆಲಸ ಹಗುರವಾಗಿತ್ತು.

ಖಾಸಗಿ ಕೀಲಿಯನ್ನು ಪಾಸ್‌ಫ್ರೇಸ್ ಎಂಬ ಇನ್ನೊಂದು ಗುಟ್ಟಿನಿಂದ ಮುಚ್ಚಿಡಬಹುದು. ಮನುಷ್ಯರು ಬಳಸುವ ಕೀಲಿಗೆ ಅದು ಇರಲೇಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ಓಡುವ ಬ್ಯಾಕಪ್ಪಿಗೆ ಅದನ್ನು ಖಾಲಿ ಬಿಡದೆ ಗತಿಯಿಲ್ಲ. ಎಸ್‌ಎಸ್‌ಎಚ್-ಏಜೆಂಟ್ ಎಂಬ ಪ್ರೋಗ್ರಾಮಿಗೆ ಒಮ್ಮೆ ಪಾಸ್‌ಫ್ರೇಸ್ ಕೊಟ್ಟರೆ ಅದು ಬಿಚ್ಚಿದ ಕೀಲಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ನಿಜ; ಆದರೆ ಕರೆಂಟು ಹೋಗಿ ಯಂತ್ರ ಮತ್ತೆ ಚಾಲೂ ಆದಾಗ ಯಾರಾದರೂ ಬಂದು ಮತ್ತೆ ಕೊಡುವವರೆಗೆ ಬ್ಯಾಕಪ್ ನಿಂತಿರುತ್ತದೆ. ಆದ್ದರಿಂದ ಬ್ಯಾಕಪ್ ಕೀಲಿ ಬೇರೆಯದೇ ಆಗಿರಬೇಕು. ಆಡಳಿತಗಾರರ ಸ್ವಂತ ಕೀಲಿಯ ಪಾಸ್‌ಫ್ರೇಸನ್ನು ತೆಗೆದು ಅದನ್ನೇ ಈ ಕೆಲಸಕ್ಕೆ ಹಚ್ಚಿದರೆ ಇಡೀ ಸಂಸ್ಥೆಯ ಯಂತ್ರಗಳು ಒಂದು ಫೈಲಿನ ದೂರದಲ್ಲಿರುತ್ತವೆ.

ಸ್ಥಾಪನೆ

ಸಾರ್ವಜನಿಕ ಕೀಲಿಯ ಸಾಲು ದೂರದ ಖಾತೆಯ ಹೋಮ್ ಫೋಲ್ಡರಿನೊಳಗೆ, ಚುಕ್ಕೆಯಿಂದ ಶುರುವಾಗುವ ಎಸ್‌ಎಸ್‌ಎಚ್ ಎಂಬ ಅಡಗಿದ ಫೋಲ್ಡರಿನ ಆಥರೈಸ್ಡ್-ಕೀಸ್ ಫೈಲಿಗೆ ಸೇರಬೇಕು. ಎಸ್‌ಎಸ್‌ಎಚ್-ಕಾಪಿ-ಐಡಿ ಎಂಬ ಸ್ಕ್ರಿಪ್ಟ್ ಇದನ್ನು ತಾನೇ ಮಾಡುತ್ತದೆ. ಆದರೆ ಕೀಲಿಗೆ ಬೇಕಾದ ಷರತ್ತುಗಳನ್ನು ಆಮೇಲೆ ಕೈಯಾರೆ ಬರೆಯಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಅನುಮತಿಗಳಲ್ಲಿ. ಫೋಲ್ಡರಿಗೆ 700, ಫೈಲಿಗೆ 600 ಇರುವುದು ವಾಡಿಕೆ. ಹೋಮ್ ಫೋಲ್ಡರಿಗೆ ಬೇರೆಯವರೂ ಬರೆಯುವಂತಿದ್ದರೆ ಸರ್ವರ್ ಆ ಕೀಲಿಯನ್ನು ಪರಿಗಣಿಸುವುದೇ ಇಲ್ಲ, ಮತ್ತು ಲಾಗಿನ್ ಆಗುವವರಿಗೆ ಕಾರಣವನ್ನೂ ತಿಳಿಸುವುದಿಲ್ಲ. ಸುಮ್ಮನೆ ಪಾಸ್‌ವರ್ಡ್ ಕೇಳುತ್ತದೆ. ಮಾಲೀಕತ್ವ ಅಥವಾ ಅನುಮತಿ ಸರಿಯಿಲ್ಲವೆಂಬ ಸಾಲು ಸರ್ವರಿನ ದೃಢೀಕರಣ ಲಾಗಿನಲ್ಲಿ ಮಾತ್ರ ಸಿಗುತ್ತದೆ. ಹೀಗಾಗಿ ಕೀಲಿ ಕೆಲಸ ಮಾಡದಾಗ ಮೊದಲು ನೋಡಬೇಕಾದದ್ದು ಎದುರಿನ ಯಂತ್ರದ ಲಾಗ್. ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ಗಳಲ್ಲಿ ಅನುಮತಿ ಸರಿಯಿದ್ದರೂ ಎಸ್‌ಇ-ಲಿನಕ್ಸ್ ಗುರುತುಪಟ್ಟಿ ತಪ್ಪಿದ್ದರೆ ಇದೇ ಲಕ್ಷಣ ಕಾಣಬಹುದು.

ಗುರುತು ಎರಡೂ ಕಡೆಯಿಂದ ಖಾತ್ರಿಯಾಗಬೇಕು. ಲಾಗಿನ್ ಆಗುವ ಯಂತ್ರವೂ ತಾನು ಮುಟ್ಟಿರುವುದು ನಿಜವಾದ ಸರ್ವರನ್ನೇ ಎಂದು ತಿಳಿಯಬೇಕು. ಪ್ರತಿ ಸರ್ವರಿಗೂ ಅದರದೇ ಹೋಸ್ಟ್ ಕೀಲಿ ಇರುತ್ತದೆ; ಮೊದಲ ಸಲ ಅದರ ಬೆರಳಚ್ಚನ್ನು ತೋರಿಸಿ ಒಪ್ಪಿಗೆ ಕೇಳಲಾಗುತ್ತದೆ, ಒಪ್ಪಿದರೆ ನೋನ್-ಹೋಸ್ಟ್ಸ್ ಫೈಲಿನಲ್ಲಿ ದಾಖಲಾಗುತ್ತದೆ. ಈ ಪ್ರಶ್ನೆ ಬ್ಯಾಕಪ್ಪಿಗೆ ಅಡ್ಡಿಯಾಗುತ್ತದೆಂದು ಪರಿಶೀಲನೆಯನ್ನೇ ಆರಿಸಿಬಿಡಿ ಎಂಬ ಸಲಹೆ ವ್ಯಾಪಕವಾಗಿದೆ. ಅದು ಕೆಟ್ಟ ಸಲಹೆ. ಸರ್ವರಿನ ಬಳಿಯೇ ಕುಳಿತು ಬೆರಳಚ್ಚನ್ನು ಓದಿ, ಅದನ್ನು ಬ್ಯಾಕಪ್ ಯಂತ್ರದಲ್ಲಿ ಒಮ್ಮೆ ತಾಳೆ ನೋಡಿ ದಾಖಲಿಸಿದರೆ ಆ ಪ್ರಶ್ನೆ ಮತ್ತೆ ಏಳುವುದಿಲ್ಲ. ಪರಿಶೀಲನೆ ಆರಿಸಿ ಫೈಲು ಕಳಿಸುವ ಯಂತ್ರ ಮಾತ್ರ ನಡುವೆ ಬಂದು ನಿಂತ ಯಾರಿಗಾದರೂ ಸಂಸ್ಥೆಯ ಅಷ್ಟೂ ಫೈಲುಗಳನ್ನು ಒಪ್ಪಿಸಿಬಿಡುತ್ತದೆ.

ಅಧಿಕಾರದ ಮಿತಿ

ಪಾಸ್‌ಫ್ರೇಸ್ ಇಲ್ಲದ ಕೀಲಿಯ ಫೈಲನ್ನು ಓದಬಲ್ಲವರೆಲ್ಲ ಅದನ್ನು ಬಳಸಬಲ್ಲರು. ಈ ದೌರ್ಬಲ್ಯಕ್ಕೆ ಪರಿಹಾರ ಎದುರಿನ ತುದಿಯಲ್ಲಿದೆ. ಆಥರೈಸ್ಡ್-ಕೀಸ್ ಫೈಲಿನಲ್ಲಿ ಕೀಲಿಯ ಮುಂದೆ ಷರತ್ತುಗಳನ್ನು ಬರೆಯಬಹುದು, ಮತ್ತು ಸರ್ವರ್ ಅವನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಒಂದು ಒಳ್ಳೆಯ ಬ್ಯಾಕಪ್ ಸಾಲಿನಲ್ಲಿ ಕೀಲಿಗೂ ಮುನ್ನ ಮೂರು ಪದಗಳು ಕಾಣಬೇಕು. ಮೊದಲನೆಯದು ‘ಫ್ರಮ್’: ಇದರ ಮುಂದೆ ಬ್ಯಾಕಪ್ ಯಂತ್ರದ ಐಪಿ ವಿಳಾಸ ಬರೆದರೆ ಕೀಲಿ ಬೇರೆಲ್ಲಿಂದಲೂ ಕೆಲಸ ಮಾಡುವುದಿಲ್ಲ. ಎರಡನೆಯದು ‘ರಿಸ್ಟ್ರಿಕ್ಟ್’: 2016ರ ಓಪನ್‌ಎಸ್‌ಎಸ್‌ಎಚ್ 7.2 ಆವೃತ್ತಿಯಲ್ಲಿ ಬಂದ ಈ ಒಂದು ಪದ ಟರ್ಮಿನಲ್, ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್, ಎಕ್ಸ್11 ಎಲ್ಲವನ್ನೂ ಒಟ್ಟಿಗೆ ನಿಷೇಧಿಸುತ್ತದೆ. ಮುಂದಿನ ಆವೃತ್ತಿಗಳಲ್ಲಿ ಸೇರುವ ಹೊಸ ಸೌಲಭ್ಯಗಳಿಗೂ ನಿಷೇಧ ತಾನಾಗಿ ಅನ್ವಯವಾಗುತ್ತದೆ. ಮೂರನೆಯದು, ಎಲ್ಲಕ್ಕಿಂತ ಬಿಗಿಯಾದದ್ದು, ‘ಕಮಾಂಡ್’.

ಕಮಾಂಡ್ ಷರತ್ತು ಇದ್ದಾಗ ಕೀಲಿ ಹಿಡಿದು ಬಂದವರು ಏನನ್ನೇ ಕೇಳಿದರೂ ಸರ್ವರ್ ಓಡಿಸುವುದು ಅಲ್ಲಿ ಬರೆದದ್ದನ್ನು ಮಾತ್ರ. ಕೇಳಿದ್ದೇನು ಎಂಬುದು ಎಸ್‌ಎಸ್‌ಎಚ್-ಒರಿಜಿನಲ್-ಕಮಾಂಡ್ ಎಂಬ ಪರಿಸರ ಚರದಲ್ಲಿ ಉಳಿಯುತ್ತದೆ. ಬರೆದಿಟ್ಟ ಸ್ಕ್ರಿಪ್ಟ್ ಅದನ್ನು ಪರೀಕ್ಷಿಸಿ ಒಪ್ಪಬಹುದು, ತಳ್ಳಿಹಾಕಬಹುದು. ಆರ್‌ಸಿಂಕ್ ಜೊತೆಗೇ ಬರುವ ಆರ್‌ಆರ್‌ಸಿಂಕ್ ಎಂಬ ಸಹಾಯಕ ಸ್ಕ್ರಿಪ್ಟ್ ಇದಕ್ಕೆಂದೇ ಇದೆ. ಅದಕ್ಕೆ ಒಂದು ಫೋಲ್ಡರಿನ ಹೆಸರು ಕೊಟ್ಟರೆ ಆ ಫೋಲ್ಡರಿನ ಆಚೆ ಏನೂ ಕಾಣಿಸುವುದಿಲ್ಲ. ಓದುವುದಷ್ಟೇ ಅಥವಾ ಬರೆಯುವುದಷ್ಟೇ ಸಾಧ್ಯವಾಗುವಂತೆಯೂ ಮಾಡಬಹುದು. ಆಮೇಲೆ ಬ್ಯಾಕಪ್ ಯಂತ್ರ ಕೇಳುವ ದಾರಿಗಳೆಲ್ಲ ಆ ಫೋಲ್ಡರಿನಿಂದಲೇ ಲೆಕ್ಕಕ್ಕೆ ಬರುವುದರಿಂದ, ಮುಂಚೆ ಪೂರ್ತಿ ದಾರಿ ಬರೆದಿದ್ದ ಸ್ಕ್ರಿಪ್ಟುಗಳನ್ನು ತಿದ್ದಬೇಕಾಗುತ್ತದೆ. ಬಿಗಿ ಮಾಡುವ ಉತ್ಸಾಹದಲ್ಲಿ ಕೆಲವರು ಬ್ಯಾಕಪ್ ಖಾತೆಯ ಶೆಲ್ಲನ್ನು ನೋಲಾಗಿನ್ ಎಂದು ಬದಲಿಸುತ್ತಾರೆ. ಕಮಾಂಡ್ ಷರತ್ತಿನ ಕೆಲಸವೂ ಅದೇ ಶೆಲ್ಲಿನ ಮೂಲಕ ಓಡುವುದರಿಂದ ಆ ಬದಲಾವಣೆಯಿಂದ ಬ್ಯಾಕಪ್ಪೇ ನಿಲ್ಲುತ್ತದೆ.

ರೂಟ್ ಖಾತೆಯ ಪ್ರಶ್ನೆ ಇನ್ನೂ ಕಠಿಣ. ಎಲ್ಲರ ಫೈಲುಗಳನ್ನೂ ಓದಬೇಕಾದರೆ ಬ್ಯಾಕಪ್ಪಿಗೆ ರೂಟ್ ಅಧಿಕಾರ ಬೇಕಾಗುತ್ತದೆ. ಸರ್ವರಿನ ಸಂರಚನೆಯಲ್ಲಿ ಕಮಾಂಡ್ ಷರತ್ತಿರುವ ಕೀಲಿಗಳಿಗೆ ಮಾತ್ರ ರೂಟ್ ಲಾಗಿನ್ ಕೊಡುವ ಆಯ್ಕೆ ಇದೆ. ಸಾಮಾನ್ಯ ಖಾತೆಯಿಂದ ಬಂದು ಸುಡೊ ಮೂಲಕ ಆರ್‌ಆರ್‌ಸಿಂಕ್ ಓಡಿಸುವುದು ಇನ್ನೊಂದು ದಾರಿ. ಸುಡೊ ಪರಿಸರ ಚರಗಳನ್ನು ಅಳಿಸಿಹಾಕುವುದರಿಂದ ಮೇಲೆ ಹೇಳಿದ ಚರವನ್ನು ಉಳಿಸಿಕೊಳ್ಳುವಂತೆ ಅದಕ್ಕೆ ಪ್ರತ್ಯೇಕವಾಗಿ ಹೇಳಬೇಕು. ಒಂದೆರಡು ಫೋಲ್ಡರು ಸಾಕಾದಲ್ಲಿ ಎಸಿಎಲ್ ಮೂಲಕ ಬ್ಯಾಕಪ್ ಖಾತೆಗೆ ಓದುವ ಅನುಮತಿ ಕೊಡುವುದು ಎಲ್ಲಕ್ಕಿಂತ ಮೇಲು. ಓದುವ ಅಧಿಕಾರವಷ್ಟೇ ತಾನೇ ಎಂದು ಹಗುರವಾಗಿ ಎಣಿಸಬಾರದು: ರೂಟ್ ಆಗಿ ಎಲ್ಲವನ್ನೂ ಓದಬಲ್ಲ ಕೀಲಿ ಪಾಸ್‌ವರ್ಡುಗಳ ಹ್ಯಾಶನ್ನೂ ಇತರ ಖಾಸಗಿ ಕೀಲಿಗಳನ್ನೂ ಡೇಟಾಬೇಸಿನ ಗುಟ್ಟುಗಳನ್ನೂ ಓದುತ್ತದೆ.

ಯಾರು ಯಾರಿಗೆ ಲಾಗಿನ್ ಆಗಬೇಕು ಎಂಬುದೂ ಇದೇ ವಿಚಾರದ ಭಾಗ. ಮೂಲ ಸರ್ವರೇ ಬ್ಯಾಕಪ್ ಯಂತ್ರಕ್ಕೆ ಫೈಲುಗಳನ್ನು ತಳ್ಳಬಹುದು; ಅಥವಾ ಬ್ಯಾಕಪ್ ಯಂತ್ರ ಬಂದು ಎಳೆದುಕೊಳ್ಳಬಹುದು. ತಳ್ಳುವ ಪದ್ಧತಿಯಲ್ಲಿ ಬ್ಯಾಕಪ್ಪಿನ ಕೀಲಿ ಮೂಲ ಸರ್ವರಿನಲ್ಲೇ ಇರುತ್ತದೆ. ರಾನ್ಸಮ್‌ವೇರ್ ಹೊಕ್ಕ ಸರ್ವರ್ ಅದೇ ಕೀಲಿ ಹಿಡಿದು ಬ್ಯಾಕಪ್ಪನ್ನೂ ಅಳಿಸಬಲ್ಲದು. ಎಳೆಯುವ ಪದ್ಧತಿಯಲ್ಲಿ ಈ ಅಪಾಯವಿಲ್ಲ, ಆದರೆ ಹಲವು ಸರ್ವರ್‌ಗಳ ಕೀಲಿಗಳು ಒಂದೇ ಬ್ಯಾಕಪ್ ಯಂತ್ರದಲ್ಲಿ ಸೇರುವುದರಿಂದ ಅದನ್ನು ಜತನವಾಗಿ ಕಾಯಬೇಕು. ಸಾಮಾನ್ಯ ನಿಯಮವಾಗಿ ಎಳೆಯುವುದೇ ಲೇಸು. ಭಾರತದಲ್ಲಿ ಹಲವು ಮನೆ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಸಂಪರ್ಕಗಳು ಸಿಜಿ-ನ್ಯಾಟ್ ಹಿಂದೆ ಇದ್ದು ಅವುಗಳಿಗೆ ಸ್ವಂತ ಸಾರ್ವಜನಿಕ ವಿಳಾಸ ಇರುವುದಿಲ್ಲ. ಅಂಥ ಕಡೆ ಇರುವ ಸಣ್ಣ ಕಚೇರಿಯ ಯಂತ್ರವನ್ನು ಹೊರಗಿನಿಂದ ಮುಟ್ಟಲಾಗದು. ಆಗ ವೈರ್‌ಗಾರ್ಡ್ ಬಗೆಯ ಸುರಂಗ ಹಾಕಿಕೊಳ್ಳಬೇಕು, ಇಲ್ಲವೇ ತಳ್ಳುವ ಪದ್ಧತಿಗೇ ಹೋಗಬೇಕು. ತಳ್ಳಲೇಬೇಕಾದಾಗ ಸೇರಿಸಲು ಬಿಟ್ಟು ಅಳಿಸಲು ಬಿಡದ ವ್ಯವಸ್ಥೆ ಬೇಕು. ಬೋರ್ಗ್‌ಬ್ಯಾಕಪ್ ತಂತ್ರಾಂಶದ ಸರ್ವರ್ ಕಮಾಂಡಿಗೆ ಇಂಥ ಆಯ್ಕೆಯಿದ್ದು, ಅದನ್ನೂ ಕಮಾಂಡ್ ಷರತ್ತಿನಲ್ಲೇ ಬರೆಯಲಾಗುತ್ತದೆ. ಬ್ಯಾಕಪ್ ಯಂತ್ರದ ಜೆಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್‌ಗಳೂ ಇದೇ ರಕ್ಷಣೆ ಕೊಡುತ್ತವೆ, ಅವನ್ನು ಅಳಿಸುವ ಅಧಿಕಾರ ಹೊರಗಿನ ಕೀಲಿಗೆ ಇರಬಾರದಷ್ಟೆ.

ರಾತ್ರಿಯ ಓಟ

ನಿಗದಿತ ಹೊತ್ತಿಗೆ ಕೆಲಸ ಚಾಲೂ ಮಾಡುವುದು ಕ್ರಾನ್ ಅಥವಾ ಸಿಸ್ಟಮ್‌ಡಿ ಟೈಮರ್. ಆ ಹೊತ್ತಿಗೆ ಆರಿರುವ ಯಂತ್ರಗಳಿಗೆ ಟೈಮರ್ ಅನುಕೂಲ. ತಪ್ಪಿದ ಓಟವನ್ನು ಯಂತ್ರ ಎದ್ದ ಮೇಲೆ ನಡೆಸುವಂತೆ ಅದಕ್ಕೆ ಹೇಳಬಹುದು. ಕೈಯಿಂದ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಸೋಲುವುದು ಸಾಮಾನ್ಯ ಅನುಭವ. ಕ್ರಾನ್‌ನ ಪರಿಸರ ಬರಿದಾಗಿರುತ್ತದೆ: ಪಾತ್ ಚಿಕ್ಕದು, ಏಜೆಂಟ್ ಇಲ್ಲ, ಭಾಷೆಯ ಸೆಟ್ಟಿಂಗೂ ಹೆಚ್ಚಾಗಿ ಇರುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನೂ ಅದೇ ಖಾತೆಯಿಂದ, ಅದೇ ಬರಿದಾದ ಪರಿಸರದಲ್ಲಿ ಮಾಡಬೇಕು. ಬಳಸಬೇಕಾದ ಕೀಲಿಯ ಹೆಸರನ್ನು ಸ್ಪಷ್ಟವಾಗಿ ಕೊಟ್ಟು ‘ಬ್ಯಾಚ್‌ಮೋಡ್’ ಆಯ್ಕೆಯನ್ನು ಹಚ್ಚಿದರೆ, ಕೀಲಿ ನಡೆಯದಿದ್ದಾಗ ಎಸ್‌ಎಸ್‌ಎಚ್ ಪಾಸ್‌ವರ್ಡಿಗಾಗಿ ಕಾದು ಕೂರದೆ ಕೂಡಲೇ 255 ಎಂಬ ದೋಷಸಂಖ್ಯೆಯೊಡನೆ ಹೊರಬರುತ್ತದೆ. ನಿನ್ನೆಯ ಓಟ ಮುಗಿಯುವ ಮುನ್ನ ಇವತ್ತಿನದು ಶುರುವಾಗದಂತೆ ಎಫ್‌ಲಾಕ್‌ನಿಂದ ಬೀಗ ಹಾಕುವುದೂ ಅಗತ್ಯ. ದೂರದ ಖಾತೆಯ ಶೆಲ್ ಶುರುವಾಗುವಾಗ ಸ್ವಾಗತದ ಒಂದು ಸಾಲು ಮುದ್ರಿಸಿದರೂ ಆರ್‌ಸಿಂಕ್ ಅದನ್ನು ಪ್ರೋಟೋಕಾಲಿನ ಭಾಗವೆಂದು ತಿಳಿದು, ಆವೃತ್ತಿ ಹೊಂದುತ್ತಿಲ್ಲವೆಂದು ದೂರಿ ನಿಲ್ಲುತ್ತದೆ.

ಆರ್‌ಸಿಂಕ್‌ನ ಲಿಂಕ್-ಡೆಸ್ಟ್ ಆಯ್ಕೆಯಿಂದ ದಿನಕ್ಕೊಂದು ಪೂರ್ಣ ಫೋಲ್ಡರ್ ಇಟ್ಟಂತೆ ಕಂಡರೂ ಬದಲಾಗದ ಫೈಲುಗಳು ಹಾರ್ಡ್‌ಲಿಂಕ್ ಆಗಿ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. ಒಂದೇ ಪ್ರತಿಯನ್ನು ದಿನವೂ ಸಮಗೊಳಿಸುವುದು ಬ್ಯಾಕಪ್ ಅಲ್ಲ: ಮಧ್ಯಾಹ್ನ ತಪ್ಪಿ ಅಳಿಸಿದ ಫೈಲು ರಾತ್ರಿ ಎರಡೂವರೆಗೆ ಡಿಲೀಟ್ ಆಯ್ಕೆಯ ದೆಸೆಯಿಂದ ಅಲ್ಲಿಯೂ ಅಳಿಯುತ್ತದೆ. ಚಾಲನೆಯಲ್ಲಿರುವ ಡೇಟಾಬೇಸಿನ ಫೈಲುಗಳನ್ನು ಹಾಗೆಯೇ ನಕಲಿಸಿದರೆ ಅರ್ಧ ಹಳೆಯ, ಅರ್ಧ ಹೊಸ ಪುಟಗಳು ಸೇರಿಹೋಗುವುದರಿಂದ ಮೊದಲು ಪಿಜಿ-ಡಂಪ್ ಅಥವಾ ಮೈಎಸ್‌ಕ್ಯೂಎಲ್-ಡಂಪ್ ಮೂಲಕ ಇಳಿಸಿಕೊಂಡು ಆ ಪ್ರತಿಯನ್ನು ಒಯ್ಯಬೇಕು. ಆರ್‌ಸಿಂಕನ್ನೂ ಹೊಸದಾಗಿ ಇಟ್ಟುಕೊಳ್ಳಬೇಕು. 2025ರ ಜನವರಿಯ 3.4.0 ಆವೃತ್ತಿ ಮುಚ್ಚಿದ ದೋಷಗಳಲ್ಲಿ ದುಷ್ಟ ಸರ್ವರೊಂದು ತನ್ನಿಂದ ಎಳೆದುಕೊಳ್ಳುವ ಯಂತ್ರಕ್ಕೇ ಹಾನಿ ಮಾಡಬಲ್ಲಂಥವೂ ಇದ್ದವು.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿಗೆ ಇಲ್ಲಿ ವಿಶೇಷ ಎಚ್ಚರ ಬೇಕು. ಯೂನಿಕೋಡಿನಲ್ಲಿ ‘ಕೋ’ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಲಿನಕ್ಸ್ ತನಗೆ ಬಂದದ್ದನ್ನು ಬಂದಂತೆ ಇಡುತ್ತದೆ. ಮ್ಯಾಕ್ ಯಂತ್ರಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಬಿಡಿಸಿ ಇಡುತ್ತದೆ. ‘ಕೋಲಾರ’ ಎಂಬ ಹೆಸರು ಒಂದು ಕಡೆ 15 ಬೈಟ್, ಇನ್ನೊಂದು ಕಡೆ 21 ಬೈಟ್. ಕಣ್ಣಿಗೆ ಒಂದೇ ಆದರೂ ಆರ್‌ಸಿಂಕ್‌ಗೆ ಅವು ಎರಡು ಬೇರೆ ಫೈಲುಗಳು. ಒಂದನ್ನು ಅಳಿಸಿ ಇನ್ನೊಂದನ್ನು ಪ್ರತಿ ರಾತ್ರಿ ಮತ್ತೆ ಕಳಿಸುವ ಅಥವಾ ಎರಡೆರಡು ಪ್ರತಿ ಸೇರುವ ತೊಂದರೆ ಹೀಗೆ ಹುಟ್ಟುತ್ತದೆ. ಐಕಾನ್ವ್ ಆಯ್ಕೆಯಲ್ಲಿ ಎರಡೂ ತುದಿಗಳ ಲಿಪಿರೂಪವನ್ನು ಹೇಳಿದರೆ ಇದು ಪರಿಹಾರವಾಗುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕಾಗುವುದರಿಂದ, 255 ಬೈಟಿನ ಮಿತಿಯಿರುವ ಲಿನಕ್ಸ್ ಫೈಲ್ ವ್ಯವಸ್ಥೆಗಳಲ್ಲಿ ಹೆಸರಿಗೆ 85 ಸಂಕೇತಗಳಷ್ಟೇ ಜಾಗ. ವಾಕ್ಯದಷ್ಟು ಉದ್ದದ ಹೆಸರಿರುವ ಫೈಲುಗಳು ಹೋಗದೆ ಉಳಿಯುವುದುಂಟು. ಕ್ರಾನ್‌ನ ಭಾಷಾರಹಿತ ಪರಿಸರದಲ್ಲಿ ಆರ್‌ಸಿಂಕ್‌ನ ಲಾಗ್ ಕನ್ನಡವನ್ನು ಅಷ್ಟಮಾನ ಸಂಖ್ಯೆಗಳಾಗಿ ಮುದ್ರಿಸುತ್ತದೆ: ‘ಕ’ ಎಂಬುದು 340, 262, 225 ಎಂದು ಕಾಣುತ್ತದೆ. ಎಂಟು-ಬಿಟ್ ಔಟ್‌ಪುಟ್ ಆಯ್ಕೆ ಕೊಟ್ಟರೆ ಹೆಸರುಗಳು ಓದುವಂತಾಗುತ್ತವೆ. ಯಾವ ಫೈಲು ಹೋಗಲಿಲ್ಲ ಎಂದು ಓದಲಾಗದ ಲಾಗ್ ಇದ್ದೂ ಇಲ್ಲದಂತೆ.

ನಿಗಾ ಮತ್ತು ನಿರ್ವಹಣೆ

ತಾನಾಗಿ ನಡೆಯುವ ಬ್ಯಾಕಪ್ ತಾನಾಗಿ ನಿಂತೂ ಹೋಗಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸಿನ ಫೋಲ್ಡರ್ ತಪ್ಪಿ ಅಳಿಸಿಹೋದಾಗ ಪಿಜಿ-ಡಂಪ್ ಬ್ಯಾಕಪ್ಪುಗಳೇ ಇಲ್ಲವೆಂಬುದು ಹೊರಬಿತ್ತು. ಡಂಪ್ ಉಪಕರಣದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಆ ಕೆಲಸ ಸೋಲುತ್ತಲೇ ಇತ್ತು. ಕ್ರಾನ್ ಕಳಿಸಿದ ಎಚ್ಚರಿಕೆಯ ಮೇಲ್‌ಗಳು ಡಿಮಾರ್ಕ್ ಪರಿಶೀಲನೆ ದಾಟದೆ ತಿರಸ್ಕೃತವಾಗುತ್ತಿದ್ದವು. ಆಕಸ್ಮಿಕಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದರಿಂದ ಸೇವೆಯನ್ನು ಮರಳಿ ಕಟ್ಟಿದರು. ನಡುವಿನ ಆರು ಗಂಟೆಗಳ ದತ್ತಾಂಶ ಹೋಯಿತು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದ್ದರಿಂದ ಅದು ಕ್ಷೇತ್ರಕ್ಕೇ ಪಾಠವಾಯಿತು. ಸೋತಾಗ ಬರುವ ಮೇಲ್‌ಗಿಂತ, ಗೆದ್ದ ಸುದ್ದಿ ನಿಗದಿತ ಹೊತ್ತಿಗೆ ಬಾರದಿದ್ದರೆ ಕೂಗುವ ಹೊರಗಿನ ನಿಗಾ ವ್ಯವಸ್ಥೆ ಹೆಚ್ಚು ನಂಬಿಕೆಗೆ ಅರ್ಹ. ಆರ್‌ಸಿಂಕ್‌ನ ದೋಷಸಂಖ್ಯೆಗಳಲ್ಲೂ ತಾರತಮ್ಯ ಬೇಕು: 24 ಎಂದರೆ ನಕಲಿಸುವಷ್ಟರಲ್ಲಿ ಕೆಲವು ಫೈಲು ಮಾಯವಾಗಿವೆ ಎಂದಷ್ಟೇ, ಚಾಲೂ ಸರ್ವರಿನಲ್ಲಿ ಸಹಜ, 23 ಎಂದರೆ ಕೆಲವು ಹೋಗಲೇ ಇಲ್ಲ, ನೋಡಲೇಬೇಕು.

ಕೀಲಿಗಳಿಗೆ ತಾವಾಗಿ ಅವಧಿ ತೀರುವುದಿಲ್ಲ. ನೌಕರರು ಬಿಟ್ಟುಹೋದರೂ ಸರ್ವರ್ ಬದಲಾದರೂ ಆಥರೈಸ್ಡ್-ಕೀಸ್‌ನ ಹಳೆಯ ಸಾಲು ವರ್ಷಗಟ್ಟಲೆ ಬಾಗಿಲು ತೆರೆಯುತ್ತಿರುತ್ತದೆ. ಅಮೆರಿಕದ ನಿಸ್ಟ್ ಸಂಸ್ಥೆ 2015ರ ಅಕ್ಟೋಬರಿನಲ್ಲಿ ಹೊರತಂದ 7966ನೆಯ ಆಂತರಿಕ ವರದಿ ಪೂರ್ತಿಯಾಗಿ ಇಂಥ ಕೀಲಿಗಳ ನಿರ್ವಹಣೆಗೇ ಮೀಸಲಾಗಿದೆ. ಯುಲೊನೆನ್ ಅದರ ಲೇಖಕರಲ್ಲೊಬ್ಬರು. ಕೀಲಿಯ ಟಿಪ್ಪಣಿಯಲ್ಲಿ ಅದರ ಉದ್ದೇಶ, ಯಂತ್ರ ಮತ್ತು ವರ್ಷ ಬರೆದಿಟ್ಟರೆ ಮುಂದೆ ಬಂದವರು ಗುರುತಿಸಬಲ್ಲರು. ಅವಧಿ ನಿಗದಿಪಡಿಸುವ ಷರತ್ತೂ ಇದೆ. ಪ್ರತಿ ಲಾಗಿನ್ ಯಾವ ಕೀಲಿಯ ಬೆರಳಚ್ಚಿನಿಂದ ಆಯಿತೆಂದು ಸರ್ವರಿನ ಲಾಗ್ ದಾಖಲಿಸುತ್ತದೆ. ಭಾರತದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನಗಳು ಸೇವಾದಾರರು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ಲಾಗುಗಳನ್ನು 180 ದಿನ ಉಳಿಸಬೇಕೆಂದು ಹೇಳುವುದರಿಂದ, ಬಳಕೆಯಲ್ಲಿಲ್ಲದ ಕೀಲಿಗಳನ್ನು ಪತ್ತೆಹಚ್ಚಲು ಆ ದಾಖಲೆ ಹೇಗಿದ್ದರೂ ಕೈಯಲ್ಲಿರುತ್ತದೆ.

ನೂರಾರು ಯಂತ್ರಗಳಿರುವಲ್ಲಿ ಒಂದೊಂದರಲ್ಲೂ ಕೀಲಿ ನೆಡುವುದು ಬಿಟ್ಟು ಎಸ್‌ಎಸ್‌ಎಚ್ ಪ್ರಮಾಣಪತ್ರಗಳಿಗೆ ಹೋಗಬಹುದು. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರಿಂದ ಇರುವ ಈ ಪದ್ಧತಿಯಲ್ಲಿ ಸಂಸ್ಥೆಯ ಒಂದು ಮೇಲಿನ ಕೀಲಿ ಸಣ್ಣ ಅವಧಿಯ ಪತ್ರಗಳಿಗೆ ಸಹಿ ಹಾಕುತ್ತದೆ. ಸರ್ವರ್‌ಗಳು ಆ ಮೇಲಿನ ಕೀಲಿಯೊಂದನ್ನೇ ನಂಬುತ್ತವೆ. ಕರ್ಬರೋಸ್ ಇರುವ ಜಾಲಗಳಲ್ಲಿ ಕೀಟ್ಯಾಬ್ ಫೈಲಿನಿಂದ ಇದೇ ಕೆಲಸ ನಡೆಯುತ್ತದೆ. 2020ರಿಂದ ಬೆಂಬಲ ಪಡೆದ ಯುಎಸ್‌ಬಿ ಭದ್ರತಾ ಕೀಲಿಗಳು ಸಾಮಾನ್ಯವಾಗಿ ಬೆರಳಿನ ಸ್ಪರ್ಶ ಬೇಡುವುದರಿಂದ ರಾತ್ರಿಯ ಕೆಲಸಕ್ಕೆ ಒಗ್ಗುವುದಿಲ್ಲ.

ಬ್ಯಾಕಪ್ ಕೀಲಿಗೇ ಬ್ಯಾಕಪ್ ಬೇಕಿಲ್ಲ. ಯಂತ್ರ ಹಾಳಾದರೆ ಹೊಸ ಜೋಡಿ ತಯಾರಿಸಿ ಹಳೆಯ ಸಾಲನ್ನು ತೆಗೆದುಹಾಕಿದರಾಯಿತು. ಬೋರ್ಗ್ ಅಥವಾ ರೆಸ್ಟಿಕ್ ಸಂಗ್ರಹವನ್ನು ಮುಚ್ಚಿರುವ ಗುಟ್ಟು ಹಾಗಲ್ಲ. ಅದು ಕಳೆದರೆ ಸಂಗ್ರಹವೂ ಹೋದಂತೆ, ಆದ್ದರಿಂದ ಅದರ ಪ್ರತಿ ಕಾಗದದ ಮೇಲೆ ಬೇರೆಡೆ ಇರಬೇಕು. ಸರ್ವರಿನ ಹೋಸ್ಟ್ ಕೀಲಿಗಳ ಸಂಗತಿ ಇವೆರಡರ ನಡುವಿನದು. ಸುಟ್ಟುಹೋದ ಸರ್ವರನ್ನು ಹೊಸ ಯಂತ್ರದಲ್ಲಿ ಮತ್ತೆ ಕಟ್ಟಿದಾಗ ಹಳೆಯ ಹೋಸ್ಟ್ ಕೀಲಿಗಳನ್ನು ಮರಳಿ ಇಡದಿದ್ದರೆ ಬ್ಯಾಕಪ್ ಯಂತ್ರ ಅದನ್ನು ಅಪರಿಚಿತವೆಂದು ತಿಳಿದು, ಸರಿಯಾಗಿಯೇ, ಮುಟ್ಟಲು ನಿರಾಕರಿಸುತ್ತದೆ. ಹಳೆಯ ಸರ್ವರಿಗೆ ಕನ್ನ ಬಿದ್ದಿದ್ದರೆ ಆ ಕೀಲಿಗಳನ್ನು ಮರಳಿ ಇಡಲೂಬಾರದು. ಹೊಸ ಬೆರಳಚ್ಚನ್ನು ತಾಳೆ ನೋಡಿ ನೋನ್-ಹೋಸ್ಟ್ಸ್‌ನಲ್ಲಿ ಬದಲಿಸಿದ ಮೇಲೆ ಒಂದು ಓಟವನ್ನು ಕೈಯಾರೆ ನಡೆಸಿ, ಆ ರಾತ್ರಿಯ ಲಾಗನ್ನೂ ಮಾರನೆಯ ಬೆಳಿಗ್ಗೆ ಓದಬೇಕು.